ಬಾಯಿ ಬಿಡಿಸದೆ ಕೊಂಡ ಗಾಡಿ

ಚಿಕ್ಕನರಗುಂದದವರಿಗೆ ಎತ್ತು ಮಾರುವುದು ಸುಲಭದ ಕೆಲಸವಲ್ಲ. ದನದ ಸಂತೆಯಲ್ಲಿ ನಮ್ಮೂರವರು ಬರುವುದು ಕಂಡರೆ ದಲ್ಲಾಳಿಗಳು ಒಂದು ಎಲಿ-ಅಡಕಿ ಬಾಯಿಗೆ ಹಾಕಿಕೊಂಡು ಕುಳಿತೇ ಬಿಡುತ್ತಾರೆ. ಹೊತ್ತು ಹಿಡಿಯುತ್ತದೆ ಎಂದು ಅವರಿಗೆ ಗೊತ್ತು. ನಮ್ಮವರು ಮೊದಲು ಎತ್ತಿನ ಮುಂದೆ ನಿಂತು ನೋಡುತ್ತಾರೆ, ಆಮೇಲೆ ಹಿಂದೆ ನಿಂತು ನೋಡುತ್ತಾರೆ. ಮೂಗುದಾಣ ಹಿಡಿದು ಬಾಯಿ ಬಿಡಿಸಿ ಎರಡಹಲ್ಲೋ, ನಾಕಹಲ್ಲೋ, ಬಾಯಿಗೂಡಿದ್ದೋ ಎಂದು ಹಲ್ಲು ಎಣಿಸುತ್ತಾರೆ. ಕೊಂಬು ಹೆರೆಸಿ ಎಣ್ಣೆ ಹಚ್ಚಿ ವಯಸ್ಸು ಮುಚ್ಚಿದ್ದಾರೇನೋ ಎಂದು ಉಗುರಿನಿಂದ ಕೆರೆದು ನೋಡುತ್ತಾರೆ. ಸುಳಿ ಹುಡುಕುತ್ತಾರೆ, ಗೊರಸು ತಟ್ಟುತ್ತಾರೆ, ಹೆಗಲು ಒತ್ತುತ್ತಾರೆ, ಹತ್ತು ಹೆಜ್ಜೆ ನಡೆಸಿ ಕಾಲು ಎಳೆಯುತ್ತದೋ ಎಂದು ಕಣ್ಣು ಕಿರಿದು ಮಾಡುತ್ತಾರೆ. ಇಷ್ಟೆಲ್ಲ ಆದ ಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಅದೂ ಅರ್ಧಕ್ಕೇ ಮುರಿದು, ಚಾ ಕುಡಿದು, ಮತ್ತೆ ಕೂಡುತ್ತದೆ.

ಇದೇ ಮನುಷ್ಯ ಕಾರು ಕೊಳ್ಳಲು ಹೋಗಲಿ. ಬಾಗಿಲು ತೆಗೆದು ಹಾಕುತ್ತಾನೆ. ಅದು "ಧಪ್" ಎಂದರೆ "ಬಾಡಿ ಗಟ್ಟಿ ಐತಿ" ಎನ್ನುತ್ತಾನೆ. ಒಂದು ಟಾಯರಿಗೆ ಕಾಲಿನಿಂದ ಒದೆಯುತ್ತಾನೆ. ಒಳಗೆ ಕುಳಿತು ಎ.ಸಿ. ಹಾಕುತ್ತಾನೆ, ಹಾಡು ಹಚ್ಚುತ್ತಾನೆ. ಮುಗಿಯಿತು. ಎತ್ತಿಗೆ ಒಂದು ಇಡೀ ಮಧ್ಯಾಹ್ನ, ಕಾರಿಗೆ ಎರಡು ಹಾಡು.

ನಮ್ಮ ಸೋದರಮಾವ ಎರಡನೇ ಹಾಡು ಮುಗಿಯುವವರೆಗೂ ಕಾಯಲಿಲ್ಲ.

ಮಾವ ಕಡಲೆ ಬೆಳೆಯುವ ರೈತ. ಎರೆ ಹೊಲ, ಎರಡು ಜೊತೆ ಎತ್ತು, ಒಂದು ಟ್ರ್ಯಾಕ್ಟರ್, ಮತ್ತು ಊರಲ್ಲಿ ಯಾರಿಗೆ ಏನೇ ಖರೀದಿ ಆಗಬೇಕಿದ್ದರೂ ಮುಂದೆ ನಿಂತು ಸಲಹೆ ಕೊಡುವ ಚಟ. ಪಂಪ್‌ಸೆಟ್ ಇರಲಿ, ಹೊಲ ಇರಲಿ, ಬೀಗತನ ಇರಲಿ, ಮಾವ "ಹೂಂ" ಅನ್ನದೆ ಮುಂದೆ ಹೋಗುವಂತಿಲ್ಲ. ಇಂಥವನು ಹುಬ್ಬಳ್ಳಿಯ ಹಳೇ ಕಾರಿನ ವ್ಯಾಪಾರಿಯೊಬ್ಬನ ಹತ್ತಿರ 2,85,000 ರೂಪಾಯಿ ಎಣಿಸಿಕೊಟ್ಟು ಬಿಳಿ ಬಣ್ಣದ ಡೀಸೆಲ್ ಗಾಡಿ ತಂದ. 2019ರ ಮಲಪ್ರಭೆಯ ನೆರೆ ಇಳಿದು ಮೂರನೇ ದೀಪಾವಳಿ. ವ್ಯಾಪಾರಿಯ ಹೆಸರು ಇಲ್ಲಿ ಬೇಡ. ಮಾವನ ಹೆಸರೂ ಬೇಡ, ಮುಂದಿನ ಯುಗಾದಿಗೆ ಅವನ ಮನೆಯ ಹೋಳಿಗೆ ನನಗೆ ಬೇಕು.

"ಡಾಕ್ಟರ್ ಇಟ್ಟಿದ್ದ ಗಾಡಿರಿ ಸಾವ್ಕಾರ್ರ. ಮನಿಯಿಂದ ದವಾಖಾನಿಗೆ, ದವಾಖಾನಿಯಿಂದ ಮನಿಗೆ. ಸಿಂಗಲ್ ಓನರ್. ಆಕ್ಸಿಡೆಂಟ್ ಇಲ್ಲ, ನೀರಿಗೆ ಹೋಗಿಲ್ಲ," ಎಂದು ವ್ಯಾಪಾರಿ ಬಾಯಲ್ಲೂ ಹೇಳಿದ, ವಾಟ್ಸಾಪಿನಲ್ಲೂ ಕಳಿಸಿದ. ಹುಬ್ಬಳ್ಳಿಯಲ್ಲಿ ಮಾರಾಟಕ್ಕಿರುವ ಹಳೇ ಗಾಡಿಗಳನ್ನೆಲ್ಲ ಲೆಕ್ಕ ಹಾಕಿದರೆ ಆ ಊರಿನಲ್ಲಿ ರೋಗಿಗಳಿಗಿಂತ ಡಾಕ್ಟರರೇ ಹೆಚ್ಚಿರಬೇಕು. ಪಾಪ, ಅವರೆಲ್ಲ ಮನೆ-ದವಾಖಾನೆ ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ. ಒಬ್ಬರೂ ಗೋಕರ್ಣ ನೋಡಿಲ್ಲ, ಗೋವಾ ಕಂಡಿಲ್ಲ. ಎಲ್ಲರ ಗಾಡಿಯೂ ಅರವತ್ತು ಸಾವಿರ ಕಿಲೋಮೀಟರಿನ ಒಳಗೇ ನಿಂತಿರುತ್ತದೆ.

ಗಾಡಿ ಅಗಸಿಯೊಳಗೆ ಬಂತು. ಕಾಯಿ ಒಡೆದರು, ಕುಂಕುಮ ಹಚ್ಚಿದರು, ಧಾರವಾಡ ಪೇಡೆ ಹಂಚಿದರು. ಮಾವ ಬೋನೆಟ್ಟಿಗೆ ಒರಗಿ ನಿಂತು ತೆಗೆಸಿಕೊಂಡ ಫೋಟೋ ಸ್ಟೇಟಸ್ಸಿಗೆ ಏರಿತು: "ಸೂಪರ್ ಗಾಡಿ, ನಂಬಿಗಸ್ತ ವ್ಯಾಪಾರಿ." ಈ ನಾಲ್ಕೇ ಪದಗಳ ಮಾತು ಮುಂದೆ ಎಲ್ಲಿಗೆ ಹೋಗಿ ನಿಂತಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕೆಟ್ಟಿದ್ದು ಹಾರ್ನ್. ಕೆಟ್ಟಿತು ಎಂದರೆ ಬಾರಿಸಲಿಲ್ಲ ಎಂದಲ್ಲ, ನಿಲ್ಲಲಿಲ್ಲ. ನಡುರಾತ್ರಿ ಮನೆಯ ಮುಂದೆ ತಾನೇ ಶುರು ಹಚ್ಚಿಕೊಂಡು ಇಡೀ ಓಣಿಯನ್ನು ಎಬ್ಬಿಸಿತು. ಆಮೇಲೆ ಬಿರುಬಿಸಿಲಿನಲ್ಲಿ ವೈಪರ್ ಆಡತೊಡಗಿತು. ಅತ್ತಿ ಬನಶಂಕರಿಗೆ ಬುತ್ತಿ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತ ದಿನ ಗಾಡಿ ಕುಳಗೇರಿ ಕ್ರಾಸಿನ ಹತ್ತಿರ ಹೇಳದೆ ಕೇಳದೆ ನಿಂತಿತು. ಜೊತೆಗೆ ನಾಲ್ಕೂ ಬಾಗಿಲಿನ ಲಾಕ್ ಬಿತ್ತು. ಗಾಜು ಇಳಿಯುತ್ತಿಲ್ಲ, ಬಾಗಿಲು ತೆರೆಯುತ್ತಿಲ್ಲ. ಅತ್ತಿ ಒಳಗಿನಿಂದ ಬೈದದ್ದು ಹೊರಗೆ ಕೇಳಿಸಲಿಲ್ಲ ಎಂಬುದೊಂದೇ ಮಾವನಿಗೆ ಆ ದಿನದ ಸಮಾಧಾನ. ಗಾಡಿ ಊರಿಗೆ ಮರಳಿದ್ದು ಟ್ರ್ಯಾಕ್ಟರಿನ ಹಿಂದೆ, ಹಗ್ಗ ಕಟ್ಟಿಸಿಕೊಂಡು.

ಇಷ್ಟಾದ ಮೇಲೆ ಯಾರಾದರೂ ಏನು ಮಾಡುತ್ತಾರೆ? ನೇರ ಹುಬ್ಬಳ್ಳಿಗೆ ಹೋಗಿ "ನನ್ನ ರೊಕ್ಕ ನನಗೆ ಕೊಡು" ಎನ್ನುತ್ತಾರೆ ಎಂದು ನೀವು ತಿಳಿದಿದ್ದರೆ ನಿಮಗೆ ನಮ್ಮ ಕಡೆಯ ಗಂಡಸರ ಪರಿಚಯ ಸಾಲದು. ಮಾವ ಮೊದಲು ಮಾಡಿದ್ದು ಗಾಡಿಯ ಪರ ವಕಾಲತ್ತು. "ಹಾರ್ನ್ ಬಾರಿಸ್ತೈತಲ್ಲ, ಅದಕ್ಕ ಸೆನ್ಸಾರ್ ಐತಿ, ಕಳ್ರು ಬಂದ್ರ ಬಾರಿಸ್ತೈತಿ." ವೈಪರ್? "ಧೂಳು ಬಿದ್ದ್ರ ತಾನs ಒರಸ್ತೈತಿ, ಆಟೋಮ್ಯಾಟಿಕ್." ಲಾಕ್ ಬಿದ್ದದ್ದು? "ಸೇಫ್ಟಿ." ಕಟ್ಟೆಯ ಮೇಲೆ ಕುಳಿತವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಊರಿಗೆಲ್ಲ ಎತ್ತು ಆರಿಸಿಕೊಟ್ಟವನು ತಾನೇ ಮೋಸ ಹೋದೆ ಎನ್ನುವುದು ಹೇಗೆ? ಹಳೇ ಗಾಡಿಯ ರೊಕ್ಕ ಮರಳಿ ಬರದಿರಲು ಕಾನೂನು, ವಕೀಲ, ಕೋರ್ಟು ಇವೆಲ್ಲ ಎರಡನೇ ಕಾರಣ. ಮೊದಲನೇ ಕಾರಣ ಕೊಂಡವನ ಮೀಸೆ. ವ್ಯಾಪಾರಿ ಮಾರುವಾಗ ಗಾಡಿಯನ್ನು ಹೊಗಳುವುದು ಒಂದು ದಿನ. ಕೊಂಡವನು ಮರ್ಯಾದೆಗಾಗಿ ಹೊಗಳುವುದು ತಿಂಗಳುಗಟ್ಟಲೆ.

ಮೀಸೆ ಇಳಿಸಿದವನು ನಮ್ಮ ಮುತ್ಯಾ. ಒಂದು ಸಂಜೆ ಗಾಡಿಯಲ್ಲಿ ಸುಮ್ಮನೆ ಕುಳಿತಿದ್ದ ಮುತ್ಯಾ, ಸೀಟ್ ಬೆಲ್ಟ್ ಏನೆಂದು ನೋಡಲು ಅದನ್ನು ಪೂರ್ತಿ ಹೊರಗೆಳೆದ. ಎಳೆದ ಬೆಲ್ಟಿನ ಕೊನೆಯ ಗೇಣಿನಲ್ಲಿ ಕಪ್ಪು ಗೆರೆ; ಉಗುರಿನಿಂದ ಕೆರೆದರೆ ಪುಡಿ ಪುಡಿ. ಮುತ್ಯಾ ಅದನ್ನು ಅಂಗೈಗೆ ಹಾಕಿ, ಒಂದು ಹನಿ ಉಗುಳು ಬೆರೆಸಿ, ಹೆಬ್ಬೆರಳಿನಿಂದ ತಿಕ್ಕಿದ. ಅಂಟಿತು. "ಎರಿ ಮಣ್ಣು," ಎಂದ. "ಹೊಳಿ ಎರಿ."

ಎಂಜಿನ್ನಿನ ಮುಂದೆ ಮೂಕನಾಗುವ ನಮ್ಮ ಮಾವ ಮಣ್ಣಿನ ಮುಂದೆ ಪಂಡಿತ. ತಾನೂ ತಿಕ್ಕಿ ನೋಡಿದ. ಕಾಲ ಕೆಳಗಿನ ಕಾರ್ಪೆಟ್ ಎತ್ತಿದರು, ಅಲ್ಲಿಯೂ ಅದೇ ಮಣ್ಣು. ಸೀಟು ಜಾರುವ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ಕೆಂಪಾಗಿತ್ತು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಒಣಗಿದ ಕೆಸರಿನ ಹಪ್ಪಳ. ನರಗುಂದದ ಮಿಸ್ತ್ರಿ ಡ್ಯಾಶ್‌ಬೋರ್ಡ್ ಬಿಚ್ಚಿ, "ಯಜಮಾನ್ರ, ವಯರಿಂಗ್ ಪೂರಾ ಹಸರಾಗೇತ್ರಿ. ಈ ಗಾಡಿ ಈಜ್ಯಾಡಿ ಬಂದೈತಿ," ಎಂದ. ನೀರು ಕುಡಿದ ವಯರಿನ ತಾಮ್ರ ಹಸಿರಾಗುತ್ತದೆ. ಆ ಹಸಿರು ಕಿಲುಬು ಒಂದು ಜೋಡಣೆಯಿಂದ ಇನ್ನೊಂದಕ್ಕೆ ಕರೆಂಟ್ ಸರಿಯಾಗಿ ಹೋಗಗೊಡುವುದಿಲ್ಲ, ಹೋಗಬಾರದ ಕಡೆ ಬಿಡುತ್ತದೆ. ಅದಕ್ಕೇ ಹಾರ್ನ್ ನಡುರಾತ್ರಿ ಎದ್ದದ್ದು, ವೈಪರ್ ಬಿಸಿಲಲ್ಲಿ ಕುಣಿದದ್ದು. ಇದು ಗಾಡಿ ಮುಳುಗಿದ ದಿನ ಕಾಣುವ ರೋಗವಲ್ಲ. ತೊಳೆದು, ಒಣಗಿಸಿ, ಸೆಂಟ್ ಹೊಡೆದು ಮಾರಿದರೆ ವರ್ಷ ಕಳೆದ ಮೇಲೆ ಒಂದೊಂದಾಗಿ ಹೊರಗೆ ಬರುತ್ತದೆ.

ಆಗಸ್ಟ್ 2019ರಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು ಕೊಣ್ಣೂರಿನಂಥ ಊರುಗಳ ಮನೆಗಳಿಗೆ ನುಗ್ಗಿದ್ದನ್ನು ನಮ್ಮ ತಾಲೂಕಿನವರು ಯಾರೂ ಮರೆತಿಲ್ಲ. ಜನ ಜಾನುವಾರು ಎತ್ತರಕ್ಕೆ ಹೋದವು, ಗಾಡಿಗಳು ನಿಂತಲ್ಲೇ ನಿಂತವು. ಇಂಥ ಗಾಡಿಗೆ ವಿಮಾ ಕಂಪನಿ "ಪೂರ್ತಿ ನಷ್ಟ" ಎಂದು ಬರೆದು ದುಡ್ಡು ಕೊಟ್ಟ ಮೇಲೆ ಗಾಡಿ ಗುಜರಿಯ ದರಕ್ಕೆ ಹರಾಜಾಗುತ್ತದೆ. ಗುಜರಿಗೆ ಹೋಗಬೇಕಾದದ್ದರಲ್ಲಿ ಕೆಲವು ಗ್ಯಾರೇಜಿಗೆ ಹೋಗುತ್ತವೆ. ಮಾವನ ಗಾಡಿ ಯಾವ ಊರಲ್ಲಿ ಮುಳುಗಿತ್ತೋ, ಮುತ್ಯಾನ ಹೆಬ್ಬೆರಳಿನ ಪ್ರಕಾರ ಅದು ನಮ್ಮ ಹೊಳೆಯದೇ ಗಾಡಿ. ಇಲ್ಲೇ ಮುಳುಗಿ, ಹುಬ್ಬಳ್ಳಿಗೆ ಹೋಗಿ ಡಾಕ್ಟರರದಾಗಿ, ಎರಡೂ ಮುಕ್ಕಾಲು ಲಕ್ಷಕ್ಕೆ ಮೇಲೆ ತೂಗಿ, ತವರು ತಾಲೂಕಿಗೇ ಮರಳಿ ಬಂದಿತ್ತು. ಅತ್ತಿ ಅಂದಳು: "ಹೊಳಿ ದಂಡಿಗಿ ಹೋಗಿದ್ರ ಪುಕ್ಕಟ ಸಿಗತಿತ್ತಲ್ರೀ?"

ಈಗ ಹುಬ್ಬಳ್ಳಿ ಯಾತ್ರೆಗಳು ಶುರುವಾದವು. ವ್ಯಾಪಾರಿ ಏನೂ ಒರಟನಲ್ಲ. ಕರೆಯುವ ರೀತಿ ಮಾತ್ರ ಇಳಿಯುತ್ತ ಹೋಯಿತು. ಕೊಂಡ ದಿನ ಮಾವ "ಸಾವ್ಕಾರ್ರು". ಹಾರ್ನಿನ ದೂರು ಒಯ್ದಾಗ "ಯಜಮಾನ್ರು". ವೈಪರಿನ ಹೊತ್ತಿಗೆ "ಅಣ್ಣಾ". ಮಣ್ಣಿನ ಮಾತು ತೆಗೆದ ದಿನ "ಏನ್ರೀ". ಅದರಾಚೆ ಫೋನಿನಲ್ಲಿ "ಯಾರ್ ಮಾತಾಡೋದು?" ಮೊದಲ ದಿನ ಬಾದಾಮಿ ಹಾಲು ಬಂದ ಟೇಬಲ್ಲಿಗೆ ಮುಂದೆ ಚಾ, ಆಮೇಲೆ ಅರ್ಧ ಕಪ್ ಚಾ, ಆಮೇಲೆ ನೀರು, ಕೊನೆಗೆ "ನೀರು ಅಲ್ಲಿ ಕೊಡದಾಗ ಐತಿ ನೋಡ್ರಿ."

ಬೇಡ ಎನ್ನುವುದು ಒಳ್ಳೆಯ ವ್ಯಾಪಾರಿಯ ಲಕ್ಷಣವಲ್ಲ. ಅವನು "ಆಗ್ಲಿ" ಎನ್ನುತ್ತಾನೆ. "ಆಗ್ಲಿರಿ, ನಮ್ಮ ಹುಡುಗನ ಕಡೆ ತೋರಸ್ರಿ, ವಯರಿಂಗ್ ಹಾಕಿಸಿಕೊಡ್ತೀವಿ." "ಆಗ್ಲಿರಿ, ಎಕ್ಸ್‌ಚೇಂಜ್ ಮಾಡ್ಕೊಳ್ರಿ, ಮ್ಯಾಲ ಐವತ್ತು ಸಾವಿರ ಕೊಡ್ರಿ, ಇದಕ್ಕಿಂತ ಛಲೋ ಗಾಡಿ ಐತಿ, ಡಾಕ್ಟರ್ ಇಟ್ಟಿದ್ದು." ರೊಕ್ಕ ಎಂಬ ಮಾತು ಬಂದ ಕೂಡಲೇ ಮಾತ್ರ ಅವನು ವ್ಯಾಪಾರಿಯೇ ಅಲ್ಲ: "ನಾವು ನಡುವಿನವರು ಅಷ್ಟs ರೀ. ಮಾರಿದವ್ರು ಮೊದಲಿನ ಓನರ್, ತಗೊಂಡವ್ರು ನೀವು. ಫಾರ್ಮ್ ಮ್ಯಾಲ ನಮ್ಮ ಸಹಿ ಎಲ್ಲೈತಿ ತೋರಸ್ರಿ?"

ತೋರಿಸಲು ಇರಲಿಲ್ಲ. ಗಾಡಿ ಕೈ ಬದಲಾದಾಗ ಆರ್‌ಟಿಓಗೆ ಕೊಡುವುದು ಫಾರ್ಮ್ 29 ಮತ್ತು 30. ಅವುಗಳಲ್ಲಿ ಒಂದು ಕಡೆ ಮೊದಲಿನ ಮಾಲೀಕನ ಸಹಿ, ಇನ್ನೊಂದು ಕಡೆ ಮಾವನ ಸಹಿ. ಷೆಡ್ಡಿನಲ್ಲಿ ಕುಳಿತು ಗಾಡಿ ತೋರಿಸಿ, ಹೊಗಳಿ, ರೊಕ್ಕ ಎಣಿಸಿಕೊಂಡವನು ಕಾಗದದ ಮೇಲೆ ಎಲ್ಲೂ ಇಲ್ಲ. ಹಳೇ ಗಾಡಿ ವ್ಯಾಪಾರದ ಅಸಲಿ ಕಲೆ ಇದೇ: ಅಂಗಡಿಯಲ್ಲಿ ಇರುವುದು, ಕಾಗದದಲ್ಲಿ ಇಲ್ಲದಿರುವುದು. ಸರಕಾರಕ್ಕೂ ಇದು ತಡವಾಗಿ ಹೊಳೆಯಿತು. ಡಿಸೆಂಬರ್ 2022ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 1 ಏಪ್ರಿಲ್ 2023ರಿಂದ ಹಳೇ ಗಾಡಿ ಮಾರುವವರು ಆರ್‌ಟಿಓದಿಂದ ಅಧಿಕೃತ ಪತ್ರ ಪಡೆಯಬೇಕು, ಗಾಡಿ ತಮ್ಮ ಕೈಗೆ ಬಂದದ್ದನ್ನು ತಿಳಿಸಬೇಕು, ಮಾರುವ ತನಕ ಅವರನ್ನೇ ಮಾಲೀಕರೆಂದು ತಿಳಿಯಬೇಕು ಎಂದಾಯಿತು. ಮಾವ ಗಾಡಿ ತಂದದ್ದು ಅದಕ್ಕಿಂತ ಮೊದಲು. ಸಲಹೆ ಕೊಡುವುದರಲ್ಲಿ ಮಾವ ಯಾವಾಗಲೂ ಕಾಲಕ್ಕಿಂತ ಮುಂದೆ. ಅದರ ಫಲ ಇದು.

ವಿಷಯ ಕಟ್ಟೆಗೆ ಬಂತು. ಮಿರ್ಚಿ-ಗಿರಮಿಟ್ಟಿನ ಸುತ್ತ ಕೂಡಿದವರಲ್ಲಿ ಕಾರು ಇದ್ದವರು ಕಡಿಮೆ, ಕಾರಿನ ಬಗ್ಗೆ ಗೊತ್ತಿದ್ದವರು ಎಲ್ಲರೂ. "ನನಗ ಅವತ್ತs ಅನ್ನಿಸಿತ್ತು" ಎಂದವರೇ ಪೇಡೆ ತಿನ್ನುವಾಗ ಎರಡು ತಗೊಂಡಿದ್ದರು. ಒಬ್ಬ ಹುಡುಗ ಎದ್ದು ನಿಂತ: "ಎರಡು ಟ್ರ್ಯಾಕ್ಟರ್ ಮಂದಿ ಹೋಗಿ ಅವನ ಅಂಗಡಿ ಮುಂದ ಕುಂದ್ರೂಣು. ಹಸರ ಶಾಲು ಹೊತ್ಕೊಂಡು. ನರಗುಂದ ಮಂದಿ ಅಂದ್ರ ಏನಂತ ತೋರಸೂಣು. ಬಂಡಾಯದ ನೆಲ ಇದು!"

ಮುತ್ಯಾ ಗದರಿದ. ಈ ಊರಿನಲ್ಲಿ ಆ ಮಾತನ್ನು ಹಾಗೆ ಹಗುರವಾಗಿ ಆಡುವಂತಿಲ್ಲ. 21 ಜುಲೈ 1980ರಂದು ನರಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆದಾಗ ಸತ್ತ ಈರಪ್ಪ ಕಡ್ಲಿಕೊಪ್ಪ ಚಿಕ್ಕನರಗುಂದದವರು. ಅವತ್ತಿನ ಸಿಟ್ಟು ಏತಕ್ಕೆ ಎಂದು ಹುಡುಗನಿಗೆ ಮುತ್ಯಾನೇ ಹೇಳಿದ: ಮಲಪ್ರಭೆಯ ಕಾಲುವೆ ಬರುತ್ತದೆ, ನಿಮ್ಮ ಹೊಲದ ಬೆಲೆ ಏರುತ್ತದೆ ಎಂದು ಸರಕಾರ ಅಭಿವೃದ್ಧಿ ಕರ ಹೇರಿತು, ನೀರು ಮುಟ್ಟದ ಹೊಲಗಳಿಗೂ ಹೇರಿತು. ಕೊಡದ ಮಾಲಿಗೆ ರೊಕ್ಕ ಕೇಳಿದ್ದರು. "ಅದು ಸೀಮಿ ಮಂದಿ ಜಗಳ. ಇದು ನಿಮ್ಮ ಮಾವ ಹಾಡು ಕೇಳಿ ಗಾಡಿ ತಂದ ಜಗಳ. ಎರಡಕ್ಕೂ ಒಂದs ಶಾಲು ಹೊದಿಸಬ್ಯಾಡ," ಎಂದ. ಹುಡುಗ ಕುಳಿತ. ಮಾವನಿಗೆ ನೊಂದಿತು, ಆದರೆ ಮಿರ್ಚಿ ಬಿಡಲಿಲ್ಲ.

ಆಗ ಬಾಯಿ ತೆರೆದವರು ಮಾಸ್ತರು. ನಿವೃತ್ತರು, ನಿವೃತ್ತಿಯ ಮೇಲೆ ಧರ್ಮಶಾಸ್ತ್ರ ಓದುವ ಚಟ ಹತ್ತಿಸಿಕೊಂಡವರು. "ಮಾಲು ಕೊಂಡು ಮನಸ್ಸು ಮುರಿಯೂದು ಹೊಸಾದೇನಲ್ಲ," ಎಂದು ಶುರು ಮಾಡಿದರು. ಹಳೆಯ ಸ್ಮೃತಿಗಳಲ್ಲಿ ಇದಕ್ಕೆ ಒಂದು ಪ್ರಕರಣವೇ ಇದೆ, ಕ್ರೀತಾನುಶಯ ಎಂದು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಬರೆದದ್ದು ಯಾವ ಯಾಜ್ಞವಲ್ಕ್ಯ ಸ್ಮೃತಿಯ ಮೇಲೋ, ಅದರಲ್ಲಿ ಯಾವ ಮಾಲನ್ನು ಎಷ್ಟು ದಿನ ಪರೀಕ್ಷೆ ಮಾಡಬಹುದು ಎಂದು ಪಟ್ಟಿ ಕೊಟ್ಟಿದೆ. ಬೀಜಕ್ಕೆ ಹತ್ತು ದಿನ, ರತ್ನಕ್ಕೆ ಏಳು, ಹೊರೆ ಹೊರುವ ಎಳೆಯುವ ಪಶುವಿಗೆ ಐದು, ಕರೆಯುವ ಹಸುವಿಗೆ ಮೂರು, ಕಬ್ಬಿಣಕ್ಕೆ ಒಂದು. ಅದೇ ಪಟ್ಟಿಯಲ್ಲಿ ಮನುಷ್ಯರಿಗೂ ಗಡುವು ಉಂಟು, ಮನುಷ್ಯರನ್ನೂ ಮಾರಿದ ಕಾಲ ಅದು. ಆ ಸಾಲನ್ನು ಮಾಸ್ತರು ಗಂಟಲು ಸರಿಪಡಿಸಿಕೊಳ್ಳುತ್ತ ಬೇಗ ದಾಟಿಸಿದರು.

ಕಟ್ಟೆಗೆ ಇದಕ್ಕಿಂತ ಒಳ್ಳೆಯ ಊಟ ಬೇಕೇ? ಕಾರು ಎಳೆಯುವ ಪಶುವೋ, ಕಬ್ಬಿಣವೋ? ಓಡುತ್ತಿದ್ದಾಗ ಪಶು, ಐದು ದಿನ. ಕುಳಗೇರಿ ಕ್ರಾಸಿನಲ್ಲಿ ನಿಂತ ಮೇಲೆ ಕಬ್ಬಿಣ, ಒಂದು ದಿನ. ಹಾಗಾದರೆ ಎರಡೂ ಕೂಡಿಸಿ ಆರು ದಿನವೋ ಎಂದು ಒಬ್ಬ. ಡೀಸೆಲ್ ಕುಡಿಯುತ್ತದಲ್ಲ, ಕರೆಯುವ ಹಸುವಿನ ಮೂರು ದಿನವನ್ನೂ ಸೇರಿಸಿ ಎಂದು ಇನ್ನೊಬ್ಬ. ಅದು ಕರೆಯುವುದಿಲ್ಲ, ನಮ್ಮನ್ನೇ ಕರೆದುಕೊಳ್ಳುತ್ತದೆ ಎಂದು ಅತ್ತಿ ಬಾಗಿಲಲ್ಲಿ ನಿಂತೇ ಹೇಳಿದಳು.

ಮಾಸ್ತರು ನಾರದ ಸ್ಮೃತಿಯನ್ನೂ ತೆಗೆದರು. ಕೊಂಡದ್ದು ಸರಿಬರಲಿಲ್ಲ ಎಂದು ಅದೇ ದಿನ ಇದ್ದ ಹಾಗೇ ಮರಳಿಸಿದರೆ ಪೂರ್ತಿ ರೊಕ್ಕ. ಎರಡನೇ ದಿನವಾದರೆ ಬೆಲೆಯ ಮೂವತ್ತರಲ್ಲೊಂದು ಪಾಲು ಕೊಂಡವನಿಗೆ ಲುಕ್ಸಾನು. ಮೂರನೇ ದಿನ ಅದರ ಎರಡು ಪಟ್ಟು. ಅದರಾಚೆ ಮಾಲು ಕೊಂಡವನದೇ. ನಾನು ಮೊಬೈಲ್ ತೆಗೆದು ಲೆಕ್ಕ ಹಾಕಿದೆ: ಎರಡನೇ ದಿನ ಹೋಗಿದ್ದರೆ ಮಾವನಿಗೆ ಹೋಗುತ್ತಿದ್ದುದು 9,500, ಮೂರನೇ ದಿನ 19,000. "ಹಂಗಾರ ಮೂರನೇ ದಿನ ನೀ ಏನ್ ಮಾಡಾಕ್ಹತ್ತಿದ್ದಿ?" ಎಂದು ಮುತ್ಯಾ ಕೇಳಿದ. ಮೂರನೇ ದಿನ ಮಾವ ಹಾರ್ನಿನ ಸೆನ್ಸಾರ್ ಬಗ್ಗೆ ಇದೇ ಕಟ್ಟೆಯ ಮೇಲೆ ಪಾಠ ಮಾಡುತ್ತಿದ್ದ.

ಕೆಟ್ಟ ಸುದ್ದಿ ಕೊನೆಗೆ ಬಂತು. ಉಟ್ಟು ಹಳತಾಗಿ ಕೊಳೆಯಾದ ಬಟ್ಟೆಯನ್ನು ಹಾಗೆಂದು ಗೊತ್ತಿದ್ದೇ ಕೊಂಡರೆ, ದೋಷ ಇದ್ದರೂ ಮಾರಿದವನಿಗೆ ಮರಳಿಸುವಂತಿಲ್ಲ ಎಂದೂ ನಾರದ ಬರೆದಿದ್ದಾನಂತೆ. ವ್ಯಾಪಾರಿಯ ವಕೀಲ ಮುಂದೆ ಬರೆದ ಉತ್ತರದಲ್ಲಿ ಇದೇ ವಾದ ಇತ್ತು. ನಾರದನನ್ನು ಅವನು ಓದಿರಲಾರ, ಈ ವಾದ ಹಳೇ ಮಾಲು ಮಾರುವವರಿಗೆ ಹುಟ್ಟಿನಿಂದಲೇ ಬರುತ್ತದೆ. ಅದೇ ಸ್ಮೃತಿಕಾರರು ದೋಷ ಮುಚ್ಚಿಟ್ಟು ಮಾರಿದವನನ್ನು ಹೀಗೆ ಸುಮ್ಮನೆ ಬಿಟ್ಟಿಲ್ಲ ಎಂಬುದನ್ನು ಮಾತ್ರ ಆ ಪಂಥದವರು ಹುಟ್ಟಿನಿಂದಲೇ ಮರೆತಿರುತ್ತಾರೆ.

ಅಂದ ಹಾಗೆ, ಇದೇ ಹಳೇ ಕಾರಿನ ಪೇಟೆಯ ಮೇಲೆ ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಒಂದು ಲೇಖನ ಬರೆದ. ಗಾಡಿಯ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಗಾಡಿಗೂ ನಡುವಿನ ದರ ಕೇಳುತ್ತಾನೆ. ಆ ದರಕ್ಕೆ ಒಳ್ಳೆಯ ಗಾಡಿಯವನು ಪೇಟೆಗೇ ಬರುವುದಿಲ್ಲ. ಉಳಿಯುವುದು ಹುಳುಕು ಗಾಡಿಗಳು. ಲೇಖನವನ್ನು ಮೂರು ಪತ್ರಿಕೆಗಳು ಬೇಡವೆಂದು ಹಿಂತಿರುಗಿಸಿದ್ದವು. 2001ರಲ್ಲಿ ಅಕರ್ಲಾಫ್‌ಗೆ ನೊಬೆಲ್ ಬಂತು. ಅದೇ ಅನುಭವಕ್ಕೆ ನಮ್ಮ ಮಾವನಿಗೆ ಒಂದು ಪಕ್ಕಾ ಬಿಲ್ಲೂ ಬರಲಿಲ್ಲ.

ಬಿಲ್ಲಿನ ಮಾತು ಎತ್ತಿದವನು ಗದಗಿನ ವಕೀಲ. ಮಾವ ಅಂಗಿ ಜೇಬಿನಿಂದ ಒಂದು ಬಿಳಿ ಚೀಟಿ ತೆಗೆದ, ಅದರ ಮೇಲೆ "2,85,000 ಮುಟ್ಟಿತು" ಎಂದಷ್ಟೇ ಇತ್ತು, ಯಾರಿಗೆ, ಏತಕ್ಕೆ ಎಂದು ಇಲ್ಲ. ವಕೀಲ ನಿಟ್ಟುಸಿರು ಬಿಡಲಿಲ್ಲ, ನಮ್ಮ ಕಡೆಯ ಚೀಟಿಗಳನ್ನು ಬಹಳ ನೋಡಿದವನಂತೆ "ರೊಕ್ಕ ಹೆಂಗ ಕೊಟ್ಟ್ರಿ?" ಎಂದ. ಪುಣ್ಯಕ್ಕೆ ಎರಡು ಲಕ್ಷ ಬ್ಯಾಂಕಿನಿಂದ ವ್ಯಾಪಾರಿಯ ಖಾತೆಗೇ ಹೋಗಿತ್ತು. ನಡುವಿನವನ ಖಾತೆಗೆ ಗಾಡಿಯ ರೊಕ್ಕ ಹೋದರೆ ಅವನು ನಡುವಿನವನಾಗಿ ಉಳಿಯುವುದು ಕಷ್ಟ. "ಮೆಸೇಜ್ ಅದಾವೇನು?" ಇದ್ದವು. ಮಾವ ಮೊಬೈಲಿನಲ್ಲಿ ಏನನ್ನೂ ಅಳಿಸುವವನಲ್ಲ. ಜಾಣತನದಿಂದಲ್ಲ, ಅಳಿಸಲು ಬರುವುದಿಲ್ಲ. "ಆಕ್ಸಿಡೆಂಟ್ ಇಲ್ಲ, ನೀರಿಗೆ ಹೋಗಿಲ್ಲ" ಎಂಬ ಸಂದೇಶ ಅದರ ಮುಂಚಿನ ಗುಡ್ ಮಾರ್ನಿಂಗ್ ಗುಲಾಬಿಯ ಸಮೇತ ಭದ್ರವಾಗಿತ್ತು.

ವಕೀಲನಿಂದ ತಿಳಿದ ಸಂಗತಿಗಳಲ್ಲಿ ಮಾವನಿಗೆ ಬಹಳ ಹಿಡಿಸಿದ್ದು ಒಂದು: ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ. 1986ರ ಹಳೇ ಗ್ರಾಹಕ ಕಾಯ್ದೆಯಲ್ಲಿ ದೂರು ಕೊಡಲು ವ್ಯಾಪಾರಿ ಇದ್ದ ಕಡೆಗೋ ವ್ಯವಹಾರ ನಡೆದ ಕಡೆಗೋ ಹೋಗಬೇಕಿತ್ತು, ಎಂದರೆ ಧಾರವಾಡ ಜಿಲ್ಲೆಗೆ. 20 ಜುಲೈ 2020ರಂದು ಜಾರಿಗೆ ಬಂದ 2019ರ ಕಾಯ್ದೆ ಗ್ರಾಹಕ ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಲು ಬಿಡುತ್ತದೆ. ಗದಗಿನಲ್ಲೇ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ ಇದೆ. ಐದು ಲಕ್ಷದವರೆಗಿನ ಮಾಲಿಗೆ ಶುಲ್ಕವಿಲ್ಲ. ವಕೀಲನೇ ಬೇಕೆಂದೂ ಇಲ್ಲ, ಗ್ರಾಹಕ ತಾನೇ ನಿಂತು ಹೇಳಬಹುದು (ಇದನ್ನು ವಕೀಲನೇ ಹೇಳಿದ ಎಂಬುದಕ್ಕೆ ಅವನ ಮೇಲೆ ನನಗೆ ಗೌರವ). ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಬಹುದು. ತೀರ್ಪು ಮೂರು ತಿಂಗಳಲ್ಲಿ, ಮಾಲನ್ನು ಪರೀಕ್ಷೆಗೆ ಕಳಿಸಬೇಕಾದರೆ ಐದು ತಿಂಗಳಲ್ಲಿ ಬರಬೇಕೆಂದು ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳುವ ತಿಂಗಳು ಪಂಚಾಂಗದ ತಿಂಗಳಿಗಿಂತ ಉದ್ದ ಎಂಬುದನ್ನು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಮುತ್ಯಾನ ಹೆಬ್ಬೆರಳು ಅಲ್ಲಿ ನಡೆಯದು. ತಜ್ಞರ ಬರವಣಿಗೆ ಬೇಕು. ಕ್ಲಚ್ ಪ್ಲೇಟ್ ಸವೆದಿದೆ, ಟಾಯರ್ ಬೋಳಾಗಿದೆ ಎಂದು ಹೋದರೆ ಹಳೇ ಗಾಡಿ ಹಳತಾಗದೆ ಇರುತ್ತದೆಯೇ ಎಂದು ಕೇಳುತ್ತಾರೆ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರವೂ, ಕೊಳ್ಳುವವನು ನೋಡಿ ಕೊಂಡ ಮೇಲೆ ಆ ನೋಟಕ್ಕೆ ಸಿಗಬೇಕಿದ್ದ ಹುಳುಕಿಗೆ ಅವನೇ ಹೊಣೆ. ಗೆಲ್ಲುವುದು ಮುಚ್ಚಿಟ್ಟ ಸಂಗತಿಯ ಮೇಲೆ, ಹೇಳಿದ ಸುಳ್ಳಿನ ಮೇಲೆ. ಮಾವ ಗಾಡಿಯ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ ಚಾಸಿ ನಂಬರ್ ಕೊಟ್ಟ. ಕಂಪ್ಯೂಟರಿನಲ್ಲಿ ಗಾಡಿಯ ಜಾತಕವೇ ಬಿಚ್ಚಿತು. ಕೊನೆಯ ನಮೂದು ಆಗಸ್ಟ್ 2019: ನೆರೆ ನೀರಿನಲ್ಲಿ ಮುಳುಗಿದ ಗಾಡಿ, ಎಳೆದು ತರಲಾಗಿದೆ. ಆವತ್ತೇ ಮೀಟರಿನಲ್ಲಿ 91 ಸಾವಿರ ಕಿಲೋಮೀಟರ್ ಇತ್ತು. ಮಾವ ಕೊಂಡಾಗ 58 ಸಾವಿರ. ಹೊಳೆಯಲ್ಲಿ ಈಜಿದ ಗಾಡಿ ಹಿಂದಕ್ಕೆ ಈಜಿತ್ತು.

ವಕೀಲನ ನೋಟಿಸು ರಿಜಿಸ್ಟರ್ ಅಂಚೆಯಲ್ಲಿ ಹೋಯಿತು. (ಆ ಹಳೇ ರಿಜಿಸ್ಟರ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಎಷ್ಟು ಜಗಳಗಳನ್ನು ಹೊತ್ತು ತಿರುಗಿತ್ತೋ.) ಉತ್ತರ ಬಂತು. ಅದರ ಜೊತೆ ಲಗತ್ತು: ಮಾವ ಬೋನೆಟ್ಟಿಗೆ ಒರಗಿ ನಿಂತ ಫೋಟೋ, ಕೆಳಗೆ "ಸೂಪರ್ ಗಾಡಿ, ನಂಬಿಗಸ್ತ ವ್ಯಾಪಾರಿ." ವ್ಯಾಪಾರಿ ಅದನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿದ್ದ. ಜೊತೆಗೆ ಇನ್ನೊಂದು ಆಕ್ಷೇಪ: ಗಾಡಿ ಬಾಡಿಗೆಗೆ ಓಡಿಸಲು ಕೊಂಡದ್ದೆಂದು ಇವರೇ ಎಲ್ಲರ ಮುಂದೆ ಹೇಳಿದ್ದಾರೆ, ವ್ಯಾಪಾರದ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ. ಮಾವ ಹಾಗೆ ಹೇಳಿದ್ದು ನಿಜ. ಇಷ್ಟು ರೊಕ್ಕ ಏಕೆ ಹಾಕಿದಿರಿ ಎಂದು ಅತ್ತಿ ಕೇಳಿದಾಗ ಬಾಯಿಗೆ ಬಂದ ಉತ್ತರ ಅದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡರೆ ಅದು ವ್ಯಾಪಾರದ ಉದ್ದೇಶವಲ್ಲ ಎಂದು ಕಾಯ್ದೆಯೇ ವಿವರಿಸುತ್ತದೆ ಎಂದು ವಕೀಲ ಸಮಾಧಾನ ಹೇಳಿದ. "ಇನ್ನ ಯಾರ್ ಯಾರ್ ಮುಂದ ಏನೇನು ಹೇಳೀರಿ, ಈಗs ಹೇಳಿಬಿಡ್ರಿ," ಎಂದೂ ಕೇಳಿದ. ಮಾವ ಸೆನ್ಸಾರಿನ ವಿಷಯ ಹೇಳಲಿಲ್ಲ.

ಮಾವ ದೂರು ಹಾಕಲು ಕಾಗದ ಸಿದ್ಧ ಮಾಡಿದ. ಸರ್ವಿಸ್ ಸೆಂಟರಿನ ನಮೂದಿನ ನಕಲು ನೋಡಿದ ಮೇಲೆ ವ್ಯಾಪಾರಿಯ ಫೋನು ಬಂತು. ಬಹಳ ದಿನಗಳ ಮೇಲೆ ಮತ್ತೆ "ಸಾವ್ಕಾರ್ರ". ಆಯೋಗದ ಮೆಟ್ಟಿಲು ಏಕೆ, ಕುಳಿತು ಮಾತಾಡೋಣ. ಕುಳಿತರು. 2,50,000 ಕೊಡುತ್ತೇನೆ, ಓಡಿಸಿದ್ದಕ್ಕೆ ಮೂವತ್ತೈದು ಸಾವಿರ ಮುರಿದುಕೊಳ್ಳುತ್ತೇನೆ ಎಂದ. ಮಾಸ್ತರು ನಾರದನ ಲೆಕ್ಕದಲ್ಲಿ ಇದು ನಾಲ್ಕನೇ ದಿನಕ್ಕೂ ಹೆಚ್ಚಾಯಿತೆಂದು ಹಟ ಹಿಡಿದರು. ನಾಲ್ಕನೇ ದಿನಕ್ಕೆ ನಾರದ ಒಂದು ಪೈಸೆಯನ್ನೂ ಕೊಡುವುದಿಲ್ಲ ಎಂದು ನೆನಪಿಸಿದ ಮೇಲೆ ಸುಮ್ಮನಾದರು. ರೊಕ್ಕ ಎರಡು ಚೆಕ್ಕಿನಲ್ಲಿ ಬಂತು, ಎರಡೂ ಪಾಸಾದವು. ಆರ್‌ಸಿ ಮಾವನ ಹೆಸರಿಗೆ ಆಗಿತ್ತಲ್ಲ, ಅದನ್ನು ಮತ್ತೆ ಬಿಡಿಸಿಕೊಡಲು ಗದಗ ಆರ್‌ಟಿಓಗೆ ತಿರುಗಿದ್ದು ಬೇರೆ. ಯಾರದೋ ಹೆಸರಿಗೆ ವರ್ಗ ಆಗುವ ಮುಂಚೆ ಗಾಡಿ ಕೊಟ್ಟು ಬಂದರೆ ಮುಂದೆ ಅದು ಯಾರಿಗಾದರೂ ಗುದ್ದಿದಾಗ ಪರಿಹಾರದ ಹೊಣೆ ನಿಮ್ಮ ಕೊರಳಿಗೇ, 2018ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಹೇಳಿದೆ ಎಂದು ವಕೀಲ ಹೆದರಿಸಿದ್ದ. ಮಾವ ಈ ಸಲ ಪ್ರತಿ ಕಾಗದದ ಎರಡು ಝೆರಾಕ್ಸ್ ಮಾಡಿಸಿದ. ಝೆರಾಕ್ಸ್ ಅಂಗಡಿಯವನಿಂದಲೂ ಬಿಲ್ ಕೇಳಿದ.

ಕೊನೆಗೆ ವ್ಯಾಪಾರಿ ಒಂದು ಹಾಳೆ ಮುಂದಿಟ್ಟು ಸಹಿ ಕೇಳಿದ: "ಗಾಡಿಯನ್ನು ಒಳ್ಳೆಯ ಸ್ಥಿತಿಯಲ್ಲಿ ಮರಳಿಸಿರುತ್ತೇನೆ." ಮಾವ ಓದಿದ, "ಒಳ್ಳೆಯ" ಎಂಬುದನ್ನು ಹೊಡೆದು ಹಾಕಿ "ಇದ್ದ" ಎಂದು ಬರೆದು ಸಹಿ ಮಾಡಿದ. ಊರಿಗೆ ಬಂದು ಈ ತಿದ್ದುಪಡಿಯನ್ನು ಎಷ್ಟು ಸಲ ಹೇಳಿದನೆಂದರೆ ಈಗ ಕಟ್ಟೆಯ ಮೇಲೆ ಎಲ್ಲರಿಗೂ ಬಾಯಿಪಾಠ.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸ್ವಲ್ಪ ದಿನದ ಮೇಲೆ ಊರಿನ ಹುಡುಗನೊಬ್ಬ ಮೊಬೈಲಿನಲ್ಲಿ ಹಳೇ ಗಾಡಿಗಳನ್ನು ನೋಡುತ್ತಿದ್ದವನು ಓಡಿ ಬಂದ. ಅದೇ ಬಿಳಿ ಗಾಡಿ, ಅದೇ ನಂಬರು, ದರ 3,10,000, ಕಿಲೋಮೀಟರು 49 ಸಾವಿರ. ಮಾವ ಕನ್ನಡಕ ಏರಿಸಿ ನೋಡಿದ, ನನ್ನ ಫೋನ್ ಕಸಿದುಕೊಂಡು ದನಿ ಬದಲಿಸಿ ವ್ಯಾಪಾರಿಗೆ ಹಚ್ಚಿದ. ಸ್ಪೀಕರ್ ಹಾಕಿದ್ದೆವು.

"ಗಾಡಿ ಹೆಂಗೈತ್ರಿ?"

"ಏನ್ ಕೇಳ್ತೀರಿ ಸಾವ್ಕಾರ್ರ! ನರಗುಂದ ಕಡೆ ದೊಡ್ಡ ರೈತರು ಇಟ್ಟಿದ್ದ ಗಾಡಿ. ಮನಿಯಿಂದ ಹೊಲಕ್ಕ, ಹೊಲದಿಂದ ಮನಿಗೆ. ಭಾಳ ತಿಳಿದವ್ರು. ಗಾಡಿ ಪಾರಖಿ ಅಂದ್ರ ಆ ಸೀಮಿಗೆಲ್ಲ ಅವರs."

ಮಾವ ಫೋನ್ ಇಟ್ಟ. ಬೈಯುತ್ತಾನೆಂದು ನಾವೆಲ್ಲ ಕಾದೆವು. ಅವನು ಮೀಸೆಯ ಮೇಲೆ ಕೈಯಾಡಿಸಿ ಅತ್ತಿಯ ಕಡೆ ತಿರುಗಿದ.

"ಕೇಳಿದಿಲ್ಲೋ? ದೊಡ್ಡ ರೈತರು ಅಂತ."